ಮೂರನೆಯ ಪ್ರಕಟಣೆ

"ಆ ಮಡಿಕಿ ಬಿಚ್ರಿ."

ಮಾರ್ಥಾ ತಲೆ ಎತ್ತಿದಳು. ಎದುರಿಗೆ ನಿಂತವನನ್ನು ಆಕೆ ಆ ದಿನಕ್ಕೆ ಮೊದಲು ನೋಡಿರಲಿಲ್ಲ. ಹೆಗಲ ಮೇಲೆ ಗಂಟು ಬಿಚ್ಚಿದ ಬಟ್ಟೆ, ಅಂಗಿಯ ತುಂಬ ಹತ್ತಿಯ ನಾರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

ಬನಹಟ್ಟಿಯ ಗಿರಮಲ್ಲಪ್ಪ ಸಾವಕಾರರ ಅಂಗಡಿಯಲ್ಲಿ, ಮಗ್ಗದವರು ತಂದ ಸೀರೆಗಳನ್ನು ನೋಡಿ ಮಡಚಿಡುವುದು ಮಾರ್ಥಾಳ ಕೆಲಸ. ಇವನ ಒಂದು ಸೀರೆಯಲ್ಲಿ ಎಳೆ ತಪ್ಪಿ ಉದ್ದಕ್ಕೆ ಗೆರೆ ಬಿದ್ದಿತ್ತು. ಪಾಪ, ಹೊಸಬ, ಸಾವಕಾರರು ಬೈದಾರು ಎಂದುಕೊಂಡು ಆ ಗೆರೆ ಒಳಗೆ ಹೋಗುವಂತೆ ಮಡಚಿದ್ದಳು. ಅಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

"ನಿಮಗ ಛಲೋ ಆಗ್ಲಿ ಅಂತ ಮಾಡೇನ್ರಿ," ಎಂದಳು ಮುನಿಸಿನಿಂದ.

"ಗೊತ್ತೈತ್ರಿ. ಆದ್ರ ಆ ಗೆರಿ ನಂದು. ಮ್ಯಾಲ ಕಾಣೂ ಹಂಗ ಇಡ್ರಿ."

ಆಕೆ ಮಡಿಕೆ ಬಿಚ್ಚಿದಳು. ಸಾವಕಾರರು ಬೈದರು. ಅವನು ಬೈಸಿಕೊಂಡು, ಆಕೆಗೆ ನಮಸ್ಕಾರ ಹೇಳಿ ಹೊರಟುಹೋದ.

'ಉಪಕಾರ ಮಾಡಿದರೆ ಉಪದೇಶ ಮಾಡುತ್ತಾನೆ... ದೊಡ್ಡ ಸತ್ಯವಂತ!' ಎಂದು ಸಂಜೆಯವರೆಗೂ ಮನಸ್ಸಿನಲ್ಲೇ ಅವನೊಂದಿಗೆ ಜಗಳವಾಡಿದಳು.

ಭಾನುವಾರ ರಬಕವಿಯ ಚರ್ಚಿನಲ್ಲಿ ಹಾಡಿನ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ನಿಂತಿದ್ದವನೂ ಅವನೇ! ಹೆಸರು ತಿಮೋತಿ, ಲೋಕಾಪುರದ ಕಡೆಯವನು, ಇಲ್ಲಿ ಮಗ್ಗ ನಡೆಸಲು ಬಂದಿದ್ದಾನೆ ಎಂದು ಸಭಾಪಾಲಕರು ಎಲ್ಲರಿಗೂ ಪರಿಚಯಿಸಿದರು. ಮಾರ್ಥಾ ಹಾಡಿನ ಸಾಲು ತಪ್ಪಿದಳು.

ಮಾರ್ಥಾಳ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಆಕೆ ಕೆಟ್ಟವಳಲ್ಲ. ಕೆಟ್ಟವಳಾಗಲು ಬೇಕಾದ ಧೈರ್ಯವೂ ಆಕೆಗಿರಲಿಲ್ಲ. ಚಿಕ್ಕಂದಿನಲ್ಲೇ ಅಪ್ಪ ಅವ್ವ ತೀರಿಕೊಂಡಿದ್ದರು. ಅಪ್ಪನ ತಮ್ಮ ಕಾಕಾ ದೇವದಾನಪ್ಪ ಮತ್ತು ಅವರ ಹೆಂಡತಿ ಕಾಕು ಆಕೆಯನ್ನು ಸಾಕಿದರು, ಪ್ರೀತಿಯಿಂದಲೇ ಸಾಕಿದರು. ಆ ಪ್ರೀತಿ ಎಲ್ಲಿ ಕೈ ತಪ್ಪುತ್ತದೋ ಎಂಬ ಹೆದರಿಕೆಯಲ್ಲಿ ಹುಡುಗಿ ಎಲ್ಲದಕ್ಕೂ 'ಹೂಂ' ಅನ್ನುವುದನ್ನು ಕಲಿತಳು. ಸಾರು ಚೆನ್ನಾಗಿದೆಯಾ? ಹೂಂ. ಬೈಬಲ್ ಓದಿದೆಯಾ? ಹೂಂ. ಬೆನ್ನು ನೋವು ಹೋಯಿತಾ? ಹೂಂ. ಇವು ಸುಳ್ಳು ಎಂದು ಆಕೆಗೆ ಅನ್ನಿಸಿರಲೇ ಇಲ್ಲ. ಮನೆ ತಣ್ಣಗಿರಲಿ ಎಂದು ಮಾಡುವ ಸಣ್ಣ ಸೇವೆ ಎಂದುಕೊಂಡಿದ್ದಳು.

ತಿಮೋತಿ ಸೀರೆ ತಂದಾಗಲೆಲ್ಲ ಒಂದೆರಡು ಮಾತು ಬೆಳೆದವು. ಒಂದು ದಿನ ಆಕೆ ಕೇಳಿಯೇಬಿಟ್ಟಳು, ಒಂದು ಗೆರೆಗೆ ಇಷ್ಟು ಹಟ ಯಾಕೆಂದು.

ಅವನು ಸೀರೆಯ ಗಂಟು ಬಿಚ್ಚುತ್ತ ಹೇಳಿದ. "ನಾನೂ ಮೊದ್ಲ ಒಳಗ ಮಡಚ್ತಿದ್ನಿರಿ. ಒಂದ ಸೀರಿ ಅಲ್ಲೇನ್, ಏನಾಗ್ತೈತಿ ಅಂತ. ಆಮ್ಯಾಲ ಒಮ್ಮಿ ಪ್ರಾರ್ಥನಿಗೆ ಮೊಣಕಾಲೂರಿ ಕುಂತಾಗ ಗೊತ್ತಾತು... ಅಲ್ಲೂ ಮಡಚಾಕತ್ತಿದ್ನಿ. ದೇವ್ರಿಗೆ ಕಾಣಬಾರ್ದದ್ದೆಲ್ಲಾ ಒಳಗ."

ಆ ದಿನದಿಂದ ಮಾರ್ಥಾಳಿಗೆ ಅವನ ಸೈಕಲ್ಲಿನ ಸದ್ದು ರಸ್ತೆಯ ಗದ್ದಲದಲ್ಲೂ ಬೇರೆಯಾಗಿ ಕೇಳತೊಡಗಿತು. ಇದು ಪ್ರೀತಿಯಲ್ಲದೆ ಇನ್ನೇನು? ಅವನಿಗೂ ಹಾಗೇ ಅನ್ನಿಸಿತ್ತು. ಮುಂದಿನ ವಾರ ಕಾಕಾರನ್ನು ಕಂಡು ಮಾತಾಡಬೇಕೆಂದು ಅವನೂ ಧೈರ್ಯ ಕೂಡಿಸುತ್ತಿದ್ದ.

ಅಷ್ಟರಲ್ಲಿ ಮಾರ್ಥಾಳನ್ನು ನೋಡಲು ಜಮಖಂಡಿಯಿಂದ ನೆಂಟರು ಬಂದರು.

ಹುಡುಗನ ಹೆಸರು ಪ್ರಸನ್ನ, ಔಷಧಿ ಅಂಗಡಿ ನಡೆಸುತ್ತಾನೆ. ಸಭ್ಯ ಹುಡುಗ, ಒಳ್ಳೆಯ ಮನೆತನ. ಬೇಡವೆನ್ನಲು ಒಂದೇ ಒಂದು ಕಾರಣವಾದರೂ ಸಿಕ್ಕಿದ್ದರೆ ಮಾರ್ಥಾ ಬದುಕಿಕೊಳ್ಳುತ್ತಿದ್ದಳು. ಎಲ್ಲರ ಕೈಯಲ್ಲೂ ಚಹಾದ ಬಟ್ಟಲಿತ್ತು. ಕಾಕಾ ಆಕೆಯ ಕಡೆ ತಿರುಗಿ, "ಮನಸ್ ಬಿಚ್ಚಿ ಹೇಳವಾ, ಒಪ್ಪಿಗಿ ಐತೇನು?" ಎಂದರು.

ಖರೆ ಹೇಳಬೇಕೆಂದರೆ ಆಗಲೇ ಹೇಳಬಹುದಿತ್ತು. ಕಾಕಾ ಕೇಳಿದ್ದರು, ಬಲವಂತ ಮಾಡಿರಲಿಲ್ಲ. ಆದರೆ ಇಷ್ಟು ವರ್ಷ ಒಂದೇ ಕಡೆ ತಿರುಗಿದ ನಾಲಿಗೆ ಆ ಹೊತ್ತಿಗೆ ಬೇರೆ ಕಡೆ ತಿರುಗಲಿಲ್ಲ.

"ಹೂಂ ಕಾಕಾ."

ಮರುದಿನ ತಿಮೋತಿ ಬಂದ. ಸುದ್ದಿ ಅವನನ್ನು ಮುಟ್ಟಿತ್ತು. ಸೀರೆಯ ಗಂಟು ಇಳಿಸದೆಯೇ ಕೇಳಿದ, "ನಿಮಗ ಮನಸಿಂದ ಒಪ್ಪಿಗಿ ಐತೇನ್ರಿ?"

'ಇಲ್ಲ ಅನ್ನು, ಮಾರ್ಥಾ... ಇಲ್ಲ ಅನ್ನು...'

"ಐತ್ರಿ," ಎಂದಳು ಆಕೆ, ಕೈಯಲ್ಲಿದ್ದ ಸೆರಗನ್ನು ನೋಡುತ್ತ.

ಅವನು ಇನ್ನೊಮ್ಮೆ ಕೇಳುತ್ತಾನೆ ಎಂದು ಕಾದಳು. ಎರಡನೆಯ ಸಲ ಕೇಳಿದ್ದರೆ ಅಳು ಒಡೆದುಬಿಡುತ್ತಿತ್ತು. ಆದರೆ ಅವನು ಮಾತನ್ನು ಮಾತೆಂದೇ ನಂಬುವ ಮನುಷ್ಯ. ದೇವರು ಒಳ್ಳೇದು ಮಾಡಲಿ ಎಂದು ಹೇಳಿ ಗಂಟು ಇಳಿಸಿ ಹೋದ. ಆಮೇಲೆ ಅವನ ಸೀರೆಗಳು ಬೇರೆಯವರ ಕೈಯಲ್ಲಿ ಬರತೊಡಗಿದವು.

'ಒಂದು ಸಲಕ್ಕೇ ನಂಬಿಬಿಟ್ಟನಲ್ಲ!' ಎಂದು ಆಕೆ ಅವನ ಮೇಲೆ ಸಿಟ್ಟಾದಳು. ಸಿಟ್ಟಿಗೆ ಕಾರಣ ತಾನೇ ಎಂಬುದು ಗೊತ್ತಿದ್ದರಿಂದ ಅದು ಇನ್ನೂ ಹೆಚ್ಚಾಯಿತು.

ಅವರ ಚರ್ಚಿನ ಸಭೆಯಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ವರನ ಹೆಸರು, ವಧುವಿನ ಹೆಸರು, ಕೊನೆಗೆ ಒಂದು ಸಾಲು: ಈ ವಿವಾಹಕ್ಕೆ ಅಡ್ಡಿ ಇರುವುದು ಯಾರಿಗಾದರೂ ಗೊತ್ತಿದ್ದರೆ ಈಗಲೇ ತಿಳಿಸಬೇಕು. ಹಾಗೆ ಯಾರಾದರೂ ಎದ್ದು ತಿಳಿಸಿದ್ದು ಆ ಸಭೆಯ ಹಿರಿಯರಿಗೂ ನೆನಪಿರಲಿಲ್ಲ.

ಮೊದಲ ಭಾನುವಾರ ಆ ಸಾಲು ಬಂದಾಗ ಮಾರ್ಥಾ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಕಾಕು ಅದನ್ನು ನಾಚಿಕೆ ಎಂದು ತಿಳಿದು ಕೈ ಹಿಚುಕಿದರು. ಎರಡನೆಯ ಭಾನುವಾರ ಎದ್ದು ನಿಲ್ಲಲೇಬೇಕೆಂದು ನಿಶ್ಚಯಿಸಿ ಬಂದಿದ್ದಳು. ಆದರೆ ಕಾಕು ಬೆಳಿಗ್ಗೆ ತಮ್ಮ ಮದುವೆಯ ಸರವನ್ನು ಆಕೆಯ ಕೊರಳಿಗೆ ಹಾಕಿ ಕಣ್ಣೊರೆಸಿಕೊಂಡಿದ್ದರು. ಸಭಾಪಾಲಕರು ಓದಿದರು, ಒಂದು ಕ್ಷಣ ಕಾದರು, ಹಾಳೆ ಮಡಚಿದರು. ಆಕೆ ಕುಳಿತೇ ಇದ್ದಳು.

ಉಸಿರು ಕಟ್ಟುವಂತಾಗಿತ್ತು. ಯಾರೂ ಬಾಗಿಲು ಹಾಕಿರಲಿಲ್ಲ. ಒಂದೊಂದು 'ಹೂಂ'ನಿಂದ ತಾನೇ ಹಾಕಿಕೊಂಡು ಬಂದಿದ್ದಳು. ಪ್ರಸನ್ನ ಫೋನು ಮಾಡಿ ಖುಷಿಯಾಗಿದ್ದೀರಾ ಎಂದರೆ ಹೂಂ. ಸೀರೆಯ ಬಣ್ಣ ಹಿಡಿಸಿತಾ ಎಂದರೆ ಹೂಂ.

ಆ ವಾರ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಆಕೆಯ ಸರದಿ ಬಂತು. ಕಣ್ಣು ಮುಚ್ಚಿ, ಸರಾಗವಾಗಿ, "ಕರ್ತನೇ, ಈ ಮದುವೆಗಾಗಿ ನನಗೆ ಕೊಟ್ಟ ಸಂತೋಷಕ್ಕೆ ಸ್ತೋತ್ರ," ಎಂದಳು. ಎಲ್ಲರೂ ಆಮೆನ್ ಅಂದು ಎದ್ದರು.

ಮಾರ್ಥಾ ಮಾತ್ರ ಏಳಲಿಲ್ಲ. ಕಾಕಾರಿಗೆ ಹೇಳಿದ ಸುಳ್ಳಿಗೆ ಹೆದರಿಕೆಯ ನೆಪವಿತ್ತು. ಈಗ ಹೇಳಿದ್ದು ಯಾರ ಹೆದರಿಕೆಗೆ? ಎಲ್ಲ ಬಲ್ಲವನ ಮುಂದೆಯೂ ನಾಲಿಗೆ ತಡವರಿಸಲೇ ಇಲ್ಲವಲ್ಲ... ತಿಮೋತಿ ಅಂದಿದ್ದು ಆಕೆಗೆ ಆಗ ನಿಜಕ್ಕೂ ಅರ್ಥವಾಯಿತು. ಮೈ ತಣ್ಣಗಾಗುವಷ್ಟು ಭಯವಾಯಿತು.

"ಕರ್ತನೇ," ಎಂದಳು ಮೆಲ್ಲಗೆ, "ಈಗ ಅಂದಿದ್ದು ಸುಳ್ಳು. ನನಗ ಸಂತೋಷ ಇಲ್ಲ."

ಬಹಳ ದಿನಗಳ ಮೇಲೆ ಆಕೆ ಮಾಡಿದ ಮೊದಲ ಪ್ರಾರ್ಥನೆ ಅದು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ಹೇಗಿದೆ ಎಂದು ಕಾಕು ಕೇಳಿದರು. ಮಾರ್ಥಾ, "ಉಪ್ಪ ಹೆಚ್ಚಾಗೇತಿ ಕಾಕು," ಎಂದಳು. ಕಾಕು ಬೆರಗಾಗಿ ನೋಡಿದರು. ತಾವೂ ಒಂದು ತುತ್ತು ತಿಂದು, ಹೌದಲ್ಲ ಎಂದು ಮೊಸರು ಹಾಕಿಕೊಟ್ಟರು. ಆಕಾಶ ಕಳಚಿ ಬೀಳಲಿಲ್ಲ. ಅಂಗಡಿಯಲ್ಲಿ ಬೆನ್ನು ನೋಯುತ್ತಿದೆ ಎಂದು ಸಾವಕಾರರಿಗೆ ಹೇಳಿ ಸ್ವಲ್ಪ ಹೊತ್ತು ಎದ್ದು ನಿಂತಳು. ಎಳೆಗೂಸು ಹೆಜ್ಜೆ ಕಲಿತ ಹಾಗೆ ಮಾರ್ಥಾ ಮಾತು ಕಲಿಯತೊಡಗಿದಳು, ನೋಡಿ.

ಶನಿವಾರ ಪ್ರಸನ್ನನಿಗೆ ಫೋನು ಮಾಡಿ ತನಗೆ ಮನಸ್ಸಿಲ್ಲ ಎಂದಳು. ಇದು ಹಿರಿಯರು ಕೂಡಿಸಿದ್ದು, ನಿಮ್ಮ ಕಾಕಾರ ಬಾಯಿಂದ ಹೇಳಿಸಿ ಎಂದು ಅವನು ಫೋನು ಇಟ್ಟುಬಿಟ್ಟ.

ಆ ಸಂಜೆಯೇ ಕಾಕಾರ ಮುಂದೆ ನಿಂತು ಅದನ್ನೇ ಹೇಳಿದಳು. ಅವರು ಕೇಳಿ ಕುರ್ಚಿಯಲ್ಲೇ ಕುಸಿದರು. ಎರಡು ಸಲ ಓದಿ ಆಗಿದೆ, ತಾವು ಸಭೆಯ ಹಿರಿಯರು, ನಾಳೆ ಯಾವ ಮುಖ ಹೊತ್ತು ನಿಲ್ಲುವುದು ಎಂದರು.

"ನಾ ಕೇಳಿರ್ಲಿಲ್ಲೇನ್ ಬೇ? ಕೇಳೇ ಮುಂದುವರ್ದಿದ್ನಿ. ಈಗ ಬಾಯ್ ಮುಚ್ಕೊಂಡ್ ಕುಂದ್ರು."

ಅವರು ಅಂದಿದ್ದರಲ್ಲಿ ತಪ್ಪೇನಿತ್ತು? ಅದೇ ಆಕೆಯನ್ನು ರಾತ್ರಿಯೆಲ್ಲ ಕೊರೆಯಿತು.

ಮೂರನೆಯ ಭಾನುವಾರ. ಹೆಸರುಗಳಾದವು. ಕಡೆಯ ಸಾಲೂ ಆಯಿತು. ಸಭಾಪಾಲಕರು ಹಾಳೆ ಮಡಚಬೇಕು, ಅಷ್ಟರಲ್ಲಿ ಹೆಂಗಸರ ಕಡೆಯಿಂದ ಬೆಂಚು ಕಿರ್ರೆಂದಿತು.

"ಅಡ್ಡಿ ಐತ್ರಿ, ಅಯ್ಯನೋರ."

ಸಭೆಯೆಲ್ಲ ತಿರುಗಿ ನೋಡಿತು. ಕಾಕು ಸೆರಗು ಹಿಡಿದು ಜಗ್ಗಿದರು. ಮಾರ್ಥಾ ಕೂರಲಿಲ್ಲ.

"ಯಾರ್ದವಾ?" ಎಂದರು ಸಭಾಪಾಲಕರು.

"ನಂದ ರಿ. ನನಗ ಮನಸಿಲ್ಲ. ಹುಡುಗಂದೇನೂ ತಪ್ಪಿಲ್ರಿ, ನಮ್ಮ ಕಾಕಾಂದೂ ಇಲ್ಲ. ಅವ್ರು ಕೇಳಿದ್ರು. ಹೂಂ ಅಂತ ಸುಳ್ ಹೇಳಿದಾಕಿ ನಾನು. ಲಗ್ನದ ದಿನ ದೇವ್ರ ಮುಂದ ನಿಂತು ಅದ ಸುಳ್ಳ ಹೇಳೂದು ನನಗಾಗೂದಿಲ್ರಿ."

ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. ನಂತರ ಆ ಹಾಳೆಯನ್ನು ಬೈಬಲ್ಲಿನೊಳಗೆ ಇಟ್ಟು, ಪ್ರಾರ್ಥಿಸೋಣ ಎಂದರು.

ಆರಾಧನೆ ಮುಗಿದ ಮೇಲೆ ಕಾಕಾ ಯಾರ ಮುಖವನ್ನೂ ನೋಡದೆ ಕಾಕುವಿನೊಂದಿಗೆ ಮನೆಗೆ ನಡೆದರು. ಹೆಂಗಸರು ಗುಂಪು ಗುಂಪಾಗಿ ಪಿಸುಗುಟ್ಟುತ್ತಿದ್ದರು. ಗೇಟಿನ ಹತ್ತಿರ ಮಾರ್ಥಾ ಒಬ್ಬಳೇ ನಿಂತಿದ್ದಳು. ಮನಸ್ಸು ಹಗುರವಾಗಿತ್ತು.

ತಿಮೋತಿ ಸೈಕಲ್ ತಳ್ಳಿಕೊಂಡು ಬಂದು ಸ್ವಲ್ಪ ದೂರದಲ್ಲೇ ನಿಂತ.

"ಅವತ್ತ ಇನ್ನೊಮ್ಮಿ ಕೇಳ್ಬೇಕಿತ್ರಿ ನೀವು," ಎಂದಳು.

"ನೀವು ಐತಿ ಅಂದ್ರಿ. ನಾ ನಂಬಿದ್ನಿ." ಅವನು ಸೈಕಲ್ಲಿನ ಹಿಡಿಕೆ ನೋಡುತ್ತ ಅಂದ. "ಮಗ್ಗದ ಮುಂದ ನಿಂತ್ರೂ ಅದ ಮಾತ ಕೇಳ್ತಿತ್ತು. ಊರಿಗೆ ಹೋಗಿಬಿಡೂಣ ಅಂತಿದ್ನಿ."

"ಈಗ ಕೇಳ್ರಿ ಮತ್ತ."

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಅಂಗಿ ಸರಿಮಾಡಿಕೊಂಡ. "ನನ್ನ ಲಗ್ನ ಆಗ್ತೀರೇನ್ರಿ?"

ಮಾತು ಮುಗಿಯುವ ಮುನ್ನವೇ ಉತ್ತರ ಕೊಡುವ ಹುಡುಗಿ ಸುಮ್ಮನೆ ನಿಂತಳು. ತನ್ನೊಳಗೆ ಇಳಿದು, ಅಲ್ಲಿ ಏನಿದೆ ಎಂದು ನಿಧಾನವಾಗಿ ನೋಡಿದಳು. ಕಾದು ಕಾದು ಅವನ ಮುಖ ಬಾಡಿತು.

"ಯಾಕ್ರಿ... ಬ್ಯಾಡೇನ್ರಿ?"

"ವಿಚಾರ ಮಾಡಾಕತ್ತಿದ್ನಿರಿ." ಆಕೆ ಕಣ್ಣೆತ್ತಿ ಅವನನ್ನೇ ನೋಡಿದಳು. "ನನಗ ನೀವು ಬೇಕ್ರಿ, ತಿಮೋತಿ. ಯಾರೂ ಕೇಳದಿದ್ರೂ ನೀವ ಬೇಕು."

ಕಣ್ಣು ತುಂಬಿ ಬಂದದ್ದನ್ನು ಅವನು ಅಡಗಿಸಿಕೊಳ್ಳಲಿಲ್ಲ.

"ಮನಿಗೆ ಹೋಗ್ಬೇಕ್ರಿ ನಾನು," ಎಂದಳು ಮಾರ್ಥಾ. "ಕಾಕಾನ ಮನಸಿಗೆ ಭಾಳ ನೋವಾಗೇತಿ. ಬಾಗ್ಲಾ ತಗೀತಾರೋ ಇಲ್ಲೋ ಗೊತ್ತಿಲ್ಲ."

"ತಗ್ಯೂ ತನಕ ಇಬ್ರೂ ಕಟ್ಟಿ ಮ್ಯಾಲ ಕುಂದ್ರೂಣು. ನಡ್ರಿ."