ಖಾಲಿ ತೊಟ್ಟಿಲಿನ ನಾಲ್ಕು ಹೆಸರು

"ಕುರ್‌ರ್‌ರ್..." ನಾಟಕದ ತಾಲೀಮಿನಲ್ಲಿ ಸಾರಿಕಾ ತೊಟ್ಟಿಲಿಗೆ ಬಾಗಿ ಗೊಂಬೆಯ ಕಿವಿಯಲ್ಲಿ ಊದಿದಳು. ಆಮೇಲೆ ಟೀಚರ್ ಬರೆದುಕೊಟ್ಟ ನಾಲ್ಕೂ ಹೆಸರನ್ನು ಪಿಸುಪಿಸು ಹೇಳಿದಳು.

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಸೂರಜನಂತೂ ಓಡಿಬಂದು ಅವಳ ಬೆನ್ನಿಗೆ ಎರಡು ಗುದ್ದಿದ. ಅವಳೂರು ಚಪಳಗಾಂವದಲ್ಲಿ ಕೂಸಿಗೆ ಹೆಸರಿಡುವುದೇ ಹೀಗೆ. ಅತ್ತೆಯಾದವಳು ಕಿವಿಯಲ್ಲಿ ಕುರ್‌ರ್ ಎಂದು ಹೆಸರು ಹೇಳಬೇಕು, ಸುತ್ತಲಿನವರು ಅವಳ ಬೆನ್ನಿಗೆ ಗುದ್ದಬೇಕು. ಪಾಪ, ಹುಡುಗಿ ತಾನು ಕಂಡದ್ದನ್ನೇ ಮಾಡಿದ್ದಳು.

ಆದರೆ ನಾಳೆ ಅಕ್ಕಲಕೋಟದ ಸಾಲೆಯಲ್ಲಿ ನಡೆಯುವ ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬದ ನಾಟಕದಲ್ಲಿ ಅವಳದು ಅತ್ತೆಯ ಪಾರ್ಟ್ ಅಲ್ಲ. ಯೇಸು ಹುಟ್ಟುತ್ತಾನೆಂದು ಮೊದಲೇ ಸಾರುವ ಪ್ರವಾದಿಯ ಪಾರ್ಟ್.

"ಟೀಚರ್, ಆಕಿ ಪಾರ್ಟ್ ಶ್ರದ್ಧಾಗ ಕೊಡ್ರಿ," ಅಂದ ಸೂರಜ.

ಸಾರಿಕಾ ಟೀಚರ್ ಕೊಟ್ಟ ಚೀಟಿಯನ್ನು ಬೆನ್ನ ಹಿಂದೆ ಅಡಗಿಸಿದಳು. ನಾಟಕ ನೋಡಲು ಅಜ್ಜ, ಅಜ್ಜಿ ಬರುವವರಿದ್ದರು. ಏಳು ತಿಂಗಳ ಬಸುರಿ ಅವ್ವನೂ ಎಸ್.ಟಿ. ಬಸ್ಸು ಹತ್ತುವವಳಿದ್ದಳು. ಪಾರ್ಟೇ ಹೋದರೆ ಅವರಿಗೆ ಏನು ಹೇಳುವುದು?

ಲೀಲಾಬಾಯಿ ಟೀಚರ್ ನಗಲಿಲ್ಲ. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

"ಹುಟ್ಟಿದ ಕೂಸಿಗೆ ಕಿವ್ಯಾಗ ಹೇಳ್ತೀವಿ, ಖರೆ ಐತಿ. ಆದ್ರ ಪ್ರವಾದಿ ಹೇಳಿದ್ದು ನೂರಾರು ವರ್ಷ ಮೊದ್ಲ. ತೊಟ್ಟಿಲಾ ಇನ್ನೂ ಖಾಲಿ. ಕಾಯಾಕತ್ತಿದ್ದ ಮಂದಿಗೆ ಕೇಳೂಹಂಗ ಹೇಳಬೇಕವ್ವಾ."

"ಮತ್ತ ಒಂದು ಕೂಸಿಗೆ ನಾಕು ಹೆಸರು ಯಾಕ್ರಿ?"

"ದಾರಿ ತಿಳೀದವರಿಗೆ ಅಂವ ಅದ್ಭುತ ಆಲೋಚನಾಕರ್ತ. ಸೋತವರಿಗೆ ಪರಾಕ್ರಮಿ ದೇವರು. ದಿಕ್ಕಿಲ್ಲದವರಿಗೆ ನಿತ್ಯನಾದ ತಂದಿ. ಜಗಳ ಸಾಕಾದವರಿಗೆ ಸಮಾಧಾನದ ಪ್ರಭು. ಯಾರಿಗೆ ಏನು ಬೇಕಿತ್ತೋ ಆ ಹೆಸರಿಲೆ ಕಾದ್ರು. ನಾವು ಕ್ರೈಸ್ತರು ಹಂಗ ನಂಬತೀವಿ."

ಸಾರಿಕಾಗೆ ಥಟ್ಟನೆ ಮನೆ ನೆನಪಾಯಿತು.

"ನಮ್ಮ ಮನ್ಯಾಗೂ ಹಂಗ ಐತ್ರಿ. ಅಜ್ಜಗ ಮಣಕಾಲ ನೋವು. ಅವ್ವನ ಹೊಟ್ಟ್ಯಾಗಿನ ಕೂಸಿಗೆ 'ನನ್ನ ಕುರಿ ಕಾಯಾಂವ' ಅಂತಾನ್ರಿ. ಅಜ್ಜಿಗೆ ಕಣ್ಣು ಕಾಣಂಗಿಲ್ಲ. ಆಕಿ 'ನನ್ನ ಕೈ ಹಿಡಿಯಾಂವ' ಅಂತಾಳ. ಹೆಸರು ಇನ್ನೂ ಇಟ್ಟೇ ಇಲ್ರಿ."

"ಅಷ್ಟ ನೋಡು. ಇಷ್ಟು ತಿಳಿದಾಕಿ ಪಾರ್ಟ್ ನಾ ಯಾಕ ತಗೀಲಿ? ಏಳು, ಇನ್ನೊಮ್ಮಿ ಹೇಳು." ಟೀಚರ್ ಸೂರಜನತ್ತ ತಿರುಗಿದರು. "ನೀ ನಾಟಕದಾಗ ಕುರಿ ಅದಿ. ಸುಮ್ನ ಹೋಗಿ ಹಿಂಡಿನಾಗ ಕೂಡು."

ಸಾರಿಕಾ ಎದ್ದು ಮತ್ತೆ ತೊಟ್ಟಿಲಿನ ಪಕ್ಕ ನಿಂತಳು.

ಮರುದಿನ ಖಾಲಿ ತೊಟ್ಟಿಲಿನ ಪಕ್ಕ ನಿಂತು, ಕೊನೆಯ ಬೆಂಚಿಗೂ ಕೇಳುವಂತೆ ನಾಲ್ಕೂ ಹೆಸರು ಹೇಳಿದಳು. ಅಜ್ಜಿ ದನಿಯಿಂದಲೇ ಗುರುತು ಹಿಡಿದು, "ನಮ್ಮ ಸಾರಿಕಾ," ಎಂದು ಪಕ್ಕದವರಿಗೆ ಹೇಳಿಕೊಂಡಳು.

ತಿರುಗಿ ಊರಿಗೆ ಹೋಗುವಾಗ ಬಸ್ಸಿನಲ್ಲಿ ಅಜ್ಜ ಕೇಳಿದ. "ನಾವೆಲ್ಲಾ ಒಂದೊಂದು ಹೆಸರು ಇಟ್ಟೀವಿ. ನೀ ಈ ಕೂಸಿಗೆ ಏನಂತೀಯವ್ವಾ?"

ಸಾರಿಕಾ ಯೋಚಿಸಿದಳು. ದೊಡ್ಡವರು ಕುರಿಗಳ ಹಿಂದೆ ಹೋದಾಗ ಅಂಗಳದಲ್ಲಿ ಅವಳು ಒಬ್ಬಳೇ ಐದು ಕಲ್ಲಿನ ಆಟ ಆಡುತ್ತಿದ್ದಳು. ಒಮ್ಮೆ ತನ್ನ ಸರದಿ, ಒಮ್ಮೆ ಇಲ್ಲದ ಗೆಳತಿಯ ಸರದಿ.

ಅವಳು ಅವ್ವನ ಹೊಟ್ಟೆಯ ಹತ್ತಿರ ಬಾಗಿದಳು. ಕುರ್‌ರ್ ಎನ್ನಲಿಲ್ಲ. ಅದಕ್ಕಿನ್ನೂ ಎರಡು ತಿಂಗಳಿತ್ತು.

"ನನ್ನ ಜೋಡಿ ಆಡಾಕಿ," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು.