ಅಕ್ಕನಿಗೆ ಇಟ್ಟ ನೀರು

ಎಂಟನೆಯಲ್ಲೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು ನಾನು. ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಿದ್ದ ನನ್ನ ಅಕ್ಕ ಹರಿಣಾಕ್ಷಿಯೇ ನನಗೆ ವಿಜ್ಞಾನ ಹೇಳಿಕೊಟ್ಟದ್ದು. ಗಾಜಿನ ಲೋಟದ ನೀರಿಗೆ ಪೆನ್ಸಿಲನ್ನು ಓರೆಯಾಗಿ ಇಳಿಸಿ, "ಹೆದರಬೇಡ ಮಾರಾಯ್ತಿ, ಮುರಿದದ್ದಲ್ಲ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ, ಅಷ್ಟೆ" ಎಂದು ನಗುತ್ತಿದ್ದಳು.

ಕಳೆದ ವರ್ಷ ಜ್ವರ ಬಂದು ಅವಳು ತೀರಿಕೊಂಡಳು. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು ನಮ್ಮಲ್ಲಿ ಕ್ರಮ. ಅವಳ ಎಲೆಯ ಬದಿಯಲ್ಲಿ ನಾನು ಅದೇ ಲೋಟದಲ್ಲಿ ನೀರು ತುಂಬಿಸಿ, ಅವಳ ಪೆನ್ಸಿಲನ್ನೂ ಅದರೊಳಗೆ ಓರೆಯಾಗಿ ಇಟ್ಟೆ. ನೀರಿನಲ್ಲಿ ಅದು ಮುರಿದಂತೆ ಕಾಣುತ್ತಿದ್ದದ್ದನ್ನು ನೋಡಿಯೇ ಹೊರಗೆ ಬಂದದ್ದು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಾಗಿಲು ತಟ್ಟಿ ತೆರೆದಳು. ಆಗಷ್ಟೇ ಬಡಿಸಿದ ಬಿಸಿ ಅನ್ನ ತಣ್ಣಗೆ ಕೊರೆಯುತ್ತಿತ್ತು. ಒಂದು ಅಗುಳೂ ಕದಲಿರಲಿಲ್ಲ, ನೀರೂ ಇಳಿದಿರಲಿಲ್ಲ.

"ಬರಲಿಲ್ಲ ನನ್ನ ಮಗಳು" ಎಂದು ಅಮ್ಮ ಕುಸಿದು ಕುಳಿತಳು.

"ಅಮ್ಮಾ, ಪೆನ್ಸಿಲ್ ನೋಡು" ಎಂದೆ ಮೆಲ್ಲಗೆ.

ಅಮ್ಮ ಕಣ್ಣೊರೆಸಿಕೊಂಡು ನೋಡಿದಳು. "ಅದಕ್ಕೆ ಎಂತ ಆಗಿದೆ? ನೆಟ್ಟಗೆ ಉಂಟಲ್ಲ!"

ಹೌದು, ನಾನಿಟ್ಟ ಹಾಗೆ ಓರೆಯಾಗಿಯೇ ಇದ್ದರೂ ನೀರಿನೊಳಗೆ ಅದು ಮುರಿದಂತೆ ಕಾಣದೆ ನೆಟ್ಟಗೇ ಇತ್ತು. ಅದರ ಪಕ್ಕದಲ್ಲಿ ನನ್ನ ಬೆರಳನ್ನು ಓರೆಯಾಗಿ ಅದ್ದಿದೆ. ಬೆರಳು ಮುರಿದಂತೆ ಕಂಡಿತು.