ತೇಲುವ ಮನೆಯ ಹೊಸ್ತಿಲು

"ಮನಿ ತೋರಸ್ತೀನಿ ಬಾ" ಎಂದು ಸಿದ್ರಾಮ ಕರೆತಂದದ್ದು ಕಾಲುವೆಯ ದಂಡೆಗೆ. ಭಾಗ್ಯಜ್ಯೋತಿ ಸುತ್ತಲೂ ನೋಡಿದಳು. ಮನೆ ಎಲ್ಲೂ ಇರಲಿಲ್ಲ. ನೀಲಿ ಡ್ರಮ್ಮುಗಳ ಮೇಲೆ ಒಂದು ತಗಡಿನ ಕೋಣೆ, ದಂಡೆಯ ಗೂಟಕ್ಕೆ ಹಗ್ಗದಿಂದ ಬಿಗಿಯಾಗಿ ಕಟ್ಟಿದ್ದು, ನೀರಲ್ಲಿ ಅಲುಗಾಡುತ್ತಿತ್ತು. ಬಾಗಿಲಿಗೆ ಮಾತ್ರ ಅವಳಿಷ್ಟದ ಗಿಳಿಹಸಿರು.

"ಇದೇನ್ರೀ, ಕೋಳಿಗೂಡೇನು?"

"ನಮ್ಮ ಮನಿ! ಪರದೇಶದಾಗ ಊರಿನ ಕಾಲುವಿಯೊಳಗ ಜನ ಹಿಂಗ ಸಂಸಾರ ಮಾಡ್ತಾರ. ಮೊಬೈಲಿನಾಗ ನೋಡೀನಿ."

ಸಿದ್ರಾಮ ರಾಯಚೂರಿನವನು, ಮಾನ್ವಿಗೆ ಬಂದು ಅವಳ ಟೇಲರಿಂಗ್ ಅಂಗಡಿಯ ಎದುರಿಗೇ ವೆಲ್ಡಿಂಗ್ ಶಾಪ್ ಇಟ್ಟಿದ್ದ. ಕಪ್ಪು ಕನ್ನಡಕ ಮೇಲೆತ್ತಿ ಅವನು ನೋಡಿದಾಗಲೆಲ್ಲ ಇವಳ ಹೊಲಿಗೆ ಸೊಟ್ಟಗಾಗುತ್ತಿತ್ತು.

ಈಗ ಮಾತ್ರ ಅವಳಿಗೆ ಅಳುವೇ ಬಂತು. ಅರಕೇರಾದ ಕುರಿಗಾರರ ಮಗಳು ಅವಳು. ಕುರಿಗಳ ಹಿಂದೆ ಊರೂರು ಅಲೆದೇ ಬೆಳೆದವಳು. ಅಲುಗಾಡದ ಒಂದು ಹೊಸ್ತಿಲು ಸಿಕ್ಕರೆ ಸಾಕು ಎಂದು ಎಷ್ಟು ದಿನ ಹಂಬಲಿಸಿದ್ದಳೋ.

"ನೆಲದ ಮ್ಯಾಲೆ ನಿಲ್ಲೋ ಮನಿ ಇದ್ರ ಲಗ್ನ ಆಗ್ತೀನ್ರಿ. ಇಲ್ಲಾಂದ್ರ ಇಲ್ಲ."

ಸಿದ್ರಾಮನ ಮುಖ ಸಪ್ಪಗಾಯಿತು. "ಸೋಮವಾರ ನಿಮ್ಮವ್ವಾರು ಮನಿ ನೋಡಾಕ ಬರ್ತಾರಲ್ಲ, ಅವರೇ ಹೇಳ್ಲಿ."

ಅಷ್ಟರೊಳಗೆ ಕಾಲುವೆಯ ನೀರು ಬಂದ್ ಆಗುವುದಿತ್ತು. ಇಲ್ಲಿ ನೀರು ಸರದಿಯ ಮೇಲೆ ಬರುತ್ತದೆ. ಅಂಗಡಿಗೆ ಬರುವ ಗದ್ದೆಯ ಹೆಂಗಸರು ಅದನ್ನೇ ಮಾತಾಡುತ್ತಿದ್ದರು. ಪಟ್ಟಣದ ಕೆರೆ ನೋಡಿಕೊಂಡು ಬೆಳೆದವನಿಗೆ ಅದೆಲ್ಲಿ ಗೊತ್ತು? ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಮನೆ ನೆಲಕ್ಕೆ ಕೂತರೆ ಅವನ ಈ ಹುಚ್ಚು ಬಿಟ್ಟೀತು ಎಂದು ಅವಳು ಹೇಳಲಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ಆಯಿತು.

ಸೋಮವಾರ ಅವ್ವ ಬೂದೆಮ್ಮ ಬಂದಾಗ ಮನೆ ಕೆಸರಿನಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತಿತ್ತು. ಮೊಣಕಾಲುದ್ದ ಕೆಸರಲ್ಲಿ ನಿಂತ ಸಿದ್ರಾಮ ತಲೆ ಎತ್ತಲಿಲ್ಲ. ಆ ಹಸಿರು ಬಾಗಿಲು ತೆರೆಯಲೂ ಬಾರದಂತೆ ಸಿಕ್ಕಿಕೊಂಡಿದ್ದನ್ನು ಕಂಡು ಜ್ಯೋತಿ ದಂಡೆಯ ಅಂಚಿಗೆ ಬಂದಳು.

"ನೀರು ಬಂದ್ ಆಗೋದು ನನಗ ಗೊತ್ತಿತ್ರಿ. ಬೇಕಂತನ ಹೇಳಲಿಲ್ಲ."

ಅವನು ದಿಟ್ಟಿಸಿ ನೋಡಿದ. ಬೈಯುತ್ತಾನೆಂದುಕೊಂಡಳು. ಅವನ ತುಟಿಯಂಚು ಮೆಲ್ಲಗೆ ಅರಳಿತು.

"ಈಗ ನೆಲದ ಮ್ಯಾಲೆ ನಿಂತದಲ್ಲ ಮನಿ. ಬರ್ತೀಯೇನು?"

ಬೂದೆಮ್ಮ ಫಕ್ಕನೆ ನಕ್ಕಳು. "ನಿಮ್ಮಪ್ಪ ಮತ್ತ ನಾನು ದಿನಾ ಗುಡಾರ ಕಿತ್ತು ದಿನಾ ಹಾಕಿದಿವಿ. ಆದ್ರ ಗೂಟ ಬಡಿಯಾಕ ಆ ಮನುಷ್ಯಾ ನನ್ನ ಒಬ್ಬಾಕಿನ್ನ ಯಾವತ್ತೂ ಬಿಟ್ಟಿಲ್ಲ. ನೀನು ದಂಡಿ ಮ್ಯಾಲೆ ನಿಂತು ಏನ್ ನೋಡಾಕತ್ತೀಯವ್ವಾ?"

ಜ್ಯೋತಿ ಚೂಡಿದಾರ ಮೇಲೆ ಮಡಚಿ ಕೆಸರಿಗಿಳಿದಳು. ವಾಲಿದ ಕಡೆಗೆ ಅವನ ಪಕ್ಕದಲ್ಲೇ ಹೆಗಲು ಕೊಟ್ಟಳು. ಹೆದರಿಕೆ ಇನ್ನೂ ಇತ್ತು.

"ನೀರು ಬರೋದ್ರಾಗ ಸೀದಾ ಮಾಡೂಣ್ರಿ. ಹಗ್ಗ ಮಾತ್ರ ನಾನೇ ಕಟ್ತೀನಿ."

"ಯಾಕ, ನಾ ಕಟ್ಟಿದ್ದು ಸರಿ ಇಲ್ಲೇನು?"

"ಸ್ವಲ್ಪ ಉದ್ದ ಬಿಟ್ಟು ಕಟ್ಟಬೇಕ್ರಿ. ನೀರು ಏರಿದಾಗ ಮನಿನೂ ಏರಬೇಕಲ್ಲ, ನಾವು ಒಳಗ ಇರ್ತೀವಿ."